ಗೇರ್ ಡಬ್ಬಿ ಕೊಡಲೊಲ್ಲದ ಕಾಕಾ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಜಾಕ್ ಜಾರಿ ಜಜ್ಜಿಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳಿನಿಂದಲೇ ಗೇರಿನ ಹಲ್ಲುಗಳನ್ನು ಸವರಿ, ಕಣ್ಣು ಮುಚ್ಚಿ, ಎಷ್ಟು ಸವೆದಿವೆ ಎಂದು ಹೇಳುತ್ತಿದ್ದರು. ಕಣಗಲಾದಲ್ಲಿ ಹೆದ್ದಾರಿಯ ಪಕ್ಕ ಅವರದೊಂದು ತಗಡಿನ ಶೆಡ್ಡು. ಅಪಘಾತವಾದ ಗಾಡಿಗಳನ್ನು ಕೊಂಡು, ಬಿಚ್ಚಿ, ಸಾಮಾನು ಮಾರುವ ವ್ಯಾಪಾರ. ಊರಿಗೆಲ್ಲ ಅವರು ಕಾಕಾ. ನನಗೂ ಹಾಗೇ ಆದರು.

ನಾನು ಮೂಡಲಗಿಯವನು. ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ವಾರಕ್ಕೆರಡು ಸಲ ನಮ್ಮೂರಿನ ಮೂವರನ್ನು ಡಯಾಲಿಸಿಸ್‌ಗೆಂದು ಗೋಕಾಕದ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಉಳಿದ ದಿನ ಸಿಕ್ಕ ಬಾಡಿಗೆ. ಒಮ್ಮೆ ಧುಪದಾಳದ ಹತ್ತಿರ ಕಾರು ಗರಗರ ಎಂದು ನಿಂತೇಬಿಟ್ಟಿತು. ಮೋಟಾರಿನ ತಿರುವನ್ನು ಗಾಲಿಗೆ ಮುಟ್ಟಿಸುವ ಗೇರ್ ಡಬ್ಬಿ ಒಳಗೇ ಪುಡಿಯಾಗಿತ್ತು. ಹೊಸದು ಬರಲು ಮೂರು ತಿಂಗಳಾದೀತು ಎಂದರು ಶೋರೂಮಿನವರು. ಗೋಕಾಕದಲ್ಲಿ, ಹುಕ್ಕೇರಿಯಲ್ಲಿ ಎಷ್ಟು ಗ್ಯಾರೇಜು ಅಲೆದೆನೋ, ಕರೆಂಟಿನ ಕಾರೆಂದರೆ ಎಲ್ಲರೂ ಕೈ ಹಿಂದಕ್ಕೆ ತೆಗೆಯುವವರೇ.

ಅಷ್ಟರಲ್ಲಿ ಆ ಮೂವರಲ್ಲಿ ಒಬ್ಬರಾದ ನಿವೃತ್ತ ಮಾಸ್ತರರು, ಡಯಾಲಿಸಿಸ್ ಮುಗಿಸಿ ಬರುವಾಗ ಗೋಕಾಕದ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದರು. ಅವರ ಹೆಂಡತಿ ಫೋನ್ ಮಾಡಿ, "ಗಾಡಿ ರಿಪೇರಿ ಆತೇನಪಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಯಾರೋ ಕಾಕಾನ ಶೆಡ್ಡಿನ ಗುರುತು ಹೇಳಿದರು. ಶೋರೂಮಿನವರು ಬಿಚ್ಚಿಟ್ಟಿದ್ದ ಕೆಟ್ಟ ಡಬ್ಬಿಯನ್ನು ಗೂಡ್ಸ್ ರಿಕ್ಷಾದಲ್ಲಿ ಹೇರಿಕೊಂಡು ಹೋದೆ. ಅಲ್ಲಿ ಹಿಂಭಾಗ ನುಜ್ಜಾದ ಕಾರೊಂದು ನಿಂತಿತ್ತು, ನನ್ನದೇ ಕಂಪನಿಯದು, ನನ್ನದೇ ಬಣ್ಣದ್ದು. ನನಗೆ ಅಳುವೇ ಬಂತು.

ಕಾಕಾ ಅದರ ಡಬ್ಬಿಯನ್ನು ಇಳಿಸಿ ನನ್ನದರ ಪಕ್ಕ ಇಟ್ಟರು. ಬೋಲ್ಟಿನ ತೂತುಗಳೆಲ್ಲ ಒಂದಕ್ಕೊಂದು ಸರಿಯಾಗಿದ್ದವು. ಆಮೇಲೆ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ನನ್ನ ಡಬ್ಬಿಯಲ್ಲಿ ಮೋಟಾರಿನ ದಂಡ ಕೂರುವ ತೂತಿಗೆ ಇಳಿಸಿ ಅಳತೆಗೆ ಮುರಿದರು. ಅದೇ ಕಡ್ಡಿಯನ್ನು ಇನ್ನೊಂದಕ್ಕೆ ಇಳಿಸಿದಾಗ ಅರ್ಧ ಹೊರಗೇ ಉಳಿಯಿತು.

"ಇದು ಬ್ಯಾರೆ ವರ್ಷದ್ದು, ನಿನಗ ಬ್ಯಾಡ ತಮ್ಮಾ. ಮ್ಯಾಲಿಂದ ಕೂಡತೈತಿ, ಒಳಗ ಅರ್ಧ ಹಲ್ಲಷ್ಟ ಹಿಡಿತಾವ."

"ನಡೀತೈತ್ರಿ ಕಾಕಾ. ಕೊಡ್ರಿ. ಮುಂದ ಏನಾದ್ರೂ ಆದ್ರ ನಂದ ಜವಾಬ್ದಾರಿ."

"ಕೊಡಂಗಿಲ್ಲ."

ಹದಿನೈದು ದಿನ ಅಲೆದ ಸುಸ್ತು ನನ್ನ ನಾಲಿಗೆಗೆ ಬಂತು. ನೀವೇನು ವ್ಯಾಪಾರ ಮಾಡಾಕ ಕುಂತೀರೋ, ಸಾಮಾನಿಗೆ ಪೂಜೆ ಮಾಡಾಕೋ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ತುಸು ಹೊತ್ತು ಕೆಮ್ಮಿ, ಸ್ಟೂಲಿನ ಮೇಲೆ ಕುಳಿತರು.

"ನನ್ನ ತಮ್ಮನ ಜೀಪಿಗೆ ನಾನ ಗಾಲಿ ಎಕ್ಸೆಲ್ ಕೊಟ್ಟಿದ್ದೆ. ಒಂದೀಟ ಸಡ್ಲ ಇತ್ತು. ನಡೀತೈತಿ ಒಯ್ಯಿ ಅಂದೆ. ಇಳಿಜಾರಿನ್ಯಾಗ ಮುರೀತು. ಅವನ ಕಾಲು ಹೋತು. ಇವತ್ತಿನ ಮಟಾ ಅವ ನನಗ ಒಂದ ಮಾತು ಅಂದಿಲ್ಲ. ಅನ್ನಬೇಕಿತ್ತು ನೋಡು."

ಅವರು ಕಡ್ಡಿಯ ಆ ತುಂಡನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಒಂಬತ್ತು ದಿನಗಳ ನಂತರ ಫೋನ್ ಬಂತು: "ಬಾ." ಹೋಗಿ ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಡಬ್ಬಿ, ಅದರ ಪಕ್ಕ ಎದೆ ಒತ್ತಿಕೊಂಡು ಏದುಸಿರು ಬಿಡುತ್ತ ಕಾಕಾ. ಬಸ್ಸಿನಲ್ಲಿ ಮಿರಜಕ್ಕೆ, ಸಾಂಗಲಿಗೆ ಹೋಗಿ, ಹಳೇ ಸಾಮಾನಿನ ಅಂಗಡಿಗಳಲ್ಲೆಲ್ಲ ಆ ಕಡ್ಡಿ ಇಳಿಸಿ ನೋಡಿದ್ದರು. ಹೊಂದುವುದು ಸಿಕ್ಕ ಮೇಲೆ ಉಳ್ಳಾಗಡ್ಡಿ ಲಾರಿಯೊಂದರಲ್ಲಿ ಅದನ್ನು ಹಾಕಿಸಿಕೊಂಡು ಬಂದಿದ್ದರು.

"ಫೋನ್ ಮಾಡಿ ಕೇಳಬೇಕಿತ್ತಲ್ರಿ ಕಾಕಾ, ಈ ಎದಿ ನೋವಿನ್ಯಾಗ..."

"ಫೋನಿನ್ಯಾಗ ಎಲ್ಲಾರೂ ಕೂಡತೈತಿ ಅಂತಾರ."

ಬೆಳಗಾವಿಯಿಂದ ಕರೆಸಿದ ಮೆಕ್ಯಾನಿಕ್ ಅದನ್ನು ಕೂರಿಸಿದ. ಕಾರು ಮತ್ತೆ ಓಡತೊಡಗಿತು. ಕಣಗಲಾದ ಕಡೆ ಬಾಡಿಗೆ ಬಿದ್ದಾಗಲೆಲ್ಲ ಕಾಕಾನ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಅವರು ಕಾರಿನ ಬಾನೆಟ್ಟಿಗೆ ಕಿವಿ ಇಟ್ಟು, "ಇದು ಏನೂ ಮಾತಾಡಂಗಿಲ್ಲಲ್ಲೋ, ಜಡ್ಡ ಬಂದ್ರ ಹೆಂಗ ತಿಳಿಬೇಕು?" ಎನ್ನುತ್ತಿದ್ದರು. ತಮ್ಮ ಜಡ್ಡಿನ ಬಗ್ಗೆ ಕೇಳಿದರೆ ಚಹಾ ಆರುತ್ತದೆಂದು ಮಾತು ತಿರುಗಿಸುತ್ತಿದ್ದರು.

ಕಾಕಾ ಹೋದ ಸುದ್ದಿ ಬಂದಾಗ ನಾನು ಗೋಕಾಕದ ಆಸ್ಪತ್ರೆಯ ಹೊರಗಿದ್ದೆ. ಒಳಗಿನ ಮೂವರಿಗೂ ಇನ್ನೂ ಎರಡು ತಾಸು ಬಾಕಿ. ಹೊರಬಂದ ಮೇಲೆ ವಿಷಯ ತಿಳಿದು ಮಾಸ್ತರರು, "ಮೊದ್ಲ ಅಲ್ಲಿಗೇ ನಡಿಯಪಾ, ನಾವು ಗಾಡ್ಯಾಗ ಕುಂಡ್ರತೇವಿ" ಎಂದರು. ಅವರ ತುಟಿ ಬೆಳ್ಳಗಾಗಿತ್ತು, ಕೂರುವ ಶಕ್ತಿಯೂ ಇರಲಿಲ್ಲ. ಮೂಡಲಗಿಗೇ ಹೊಡೆದೆ. ಒಬ್ಬೊಬ್ಬರನ್ನೂ ಕೈಹಿಡಿದು ಮನೆಯೊಳಗೆ ಬಿಟ್ಟು, ಕಣಗಲಾ ಸೇರುವಷ್ಟರಲ್ಲಿ ಮಣ್ಣು ಮಾಡಿ ಜನ ಮರಳಿದ್ದರು. ಹಿಡಿ ಮಣ್ಣು ಹಾಕುವುದೂ ನನ್ನಿಂದ ಆಗಲಿಲ್ಲ.

ಕಾಕಾನ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದರು. ತಡವಾದ ಕಾರಣ ಹೇಳಿದೆ.

"ಅವರನ್ನ ಮನಿ ಮುಟ್ಟಿಸಿ ಬಂದಿ ಹೌದಲ್ಲೋ?" ಎಂದು ಕೇಳಿದರು.

"ಹೌದ್ರಿ ಕಾಕೂ."

"ಚಲೋ ಮಾಡಿದಿ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.