ಹನ್ನಳ ಅಂಗಿಯ ಅಳತೆ

ಟೈಲರ್ ಆಂಟಿಯ ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿಗಳಿರುತ್ತಿದ್ದವು. ಗಿರಾಕಿಗಳನ್ನು ಬೈಯುವುದೂ ಅವುಗಳ ಸಂದಿಯಿಂದಲೇ. ಬೈಬಲ್ ತೆರೆಯುವಾಗ ಮಾತ್ರ ಅವನ್ನು ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು.

ಕುಮಾರಸ್ವಾಮಿ ಲೇಔಟಿನ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಓದು. ಅರ್ಥವಾಗದ ವಚನ ಸಿಕ್ಕಿದರೆ ಆ ಪುಟದಲ್ಲೊಂದು ಕೆಂಪು ದಾರ ಇಡುತ್ತಿದ್ದರು. ಅರ್ಥವಾದ ದಿನ ದಾರ ಎಳೆದುಹಾಕಿ, ಆಗ ಯಾರು ಎದುರಿಗಿದ್ದರೋ ಅವರಿಗೆಲ್ಲ ಕಾಫಿ. ಬ್ಲೌಸ್ ಎಷ್ಟು ತಡವಾದರೂ ನಾವು ಜಗಳವಾಡದಿದ್ದುದಕ್ಕೆ ಆ ಕಾಫಿಯೂ ಒಂದು ಕಾರಣ.

ನಾನೋ, ಸಂಡೇ ಸ್ಕೂಲಿನಲ್ಲಿ ಬಾಯಿಪಾಠಕ್ಕೆ ಬಹುಮಾನ ಗೆದ್ದವಳು. ಆ ಜಂಬ ಇನ್ನೂ ಇಳಿದಿರಲಿಲ್ಲ. ಚರ್ಚಿನ ಮಹಿಳಾ ಕೂಟದಲ್ಲಿ ಮೊದಲ ಸಲ ಪಾಠ ನಡೆಸಲು ಹೇಳಿದಾಗ, ಮಗನಿಗಾಗಿ ಪ್ರಾರ್ಥಿಸಿದ ಹನ್ನಳ ಕಥೆ ಆರಿಸಿಕೊಂಡು, ಮೊಬೈಲ್ ನೋಡಿ ಹನ್ನೆರಡು ಅಂಶ ಬರೆದಿಟ್ಟೆ. ಹಿಂದಿನ ದಿನ ಬ್ಲೌಸ್ ತರಲು ಹೋದಾಗ ಆಂಟಿಗೆ ಅಷ್ಟನ್ನೂ ಓದಿ ಹೇಳಿದೆ.

“ಚೆನ್ನಾಗಿದೆ,” ಎಂದು ಸೂಜಿಗಳನ್ನು ತೆಗೆದರು. “ಮಗನ್ನ ದೇವರ ಮಂದಿರದಲ್ಲಿ ಬಿಟ್ಟು ಬಂದ್ಮೇಲೆ, ವರ್ಷಾ ವರ್ಷಾ ಅವನಿಗೊಂದು ಪುಟ್ಟ ಅಂಗಿ ಹೊಲ್ಕೊಂಡು ಹೋಗ್ತಿದ್ಲು ಅಂತ ಇದ್ಯಲ್ಲ. ಅಳತೆ ಎಲ್ಲಿಂದ ಬಂತು?”

ಹಾಗೊಂದು ಸಾಲಿರುವುದೇ ನನಗೆ ನೆನಪಿರಲಿಲ್ಲ.

“ವರ್ಷಕ್ಕೊಂದ್ಸಲ ನೋಡೋದು. ಮಗು ಬೆಳೀದೆ ಇರುತ್ತಾ?”

“ನೀವೇ ಹೇಳಿ ಆಂಟಿ.”

“ನಂಗೇನ್ ಗೊತ್ತು? ಅಲ್ಲಿ ಬರ್ದಿಲ್ಲ. ಬರ್ದಿಲ್ದೇ ಇರೋದನ್ನ ಬರ್ದಿದೆ ಅನ್ಬೇಡ. ಆದ್ರೆ ಕೇಳೋದನ್ನ ಬಿಡ್ಬೇಡ.”

ನಾಚಿಕೆಯಾಯಿತು. ನಾಳೆ ಅಷ್ಟು ಜನರ ಮುಂದೆ ಏನು ಮಾಡಲಿ? ಮನೆಗೆ ಬಂದು ಆ ಅಧ್ಯಾಯಗಳನ್ನು ಮೊದಲಿನಿಂದ ನಿಧಾನವಾಗಿ ಓದಿದೆ. ಆ ಪುಟದಲ್ಲಿ ನಾನೂ ಒಂದು ಕೆಂಪು ದಾರ ಇಟ್ಟೆ.

ಮರುದಿನ ಹನ್ನೆರಡು ಅಂಶಗಳ ಚೀಟಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಅಳತೆಯ ಪ್ರಶ್ನೆಯನ್ನೇ ಕೇಳಿ ಕೈಕಟ್ಟಿ ನಿಂತೆ. ಆಮೇಲೆ ಒಬ್ಬಾಕೆ ಎದ್ದರು: “ನನ್ ಮಗಳು ಹಾಸ್ಟೆಲಲ್ಲಿದಾಳೆ. ಅವಳಿಗೆ ಚೂಡಿದಾರ್ ತಗೊಳ್ಳೋವಾಗ ಅಂಗಡಿ ಹುಡುಗೀನೇ ನಿಲ್ಸಿ ಅಳೀತೀನಿ. ಇಷ್ಟೇ ಎತ್ತರ ಆಗಿರ್ಬೇಕು ಅಂತ.” ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಯಾರನ್ನೂ ಸುಮ್ಮನಾಗಿಸಲು ನನ್ನಿಂದಾಗಲಿಲ್ಲ. ಬೈಬಲ್ ಓದುವುದು ಇಷ್ಟು ಖುಷಿಯ ಕೆಲಸ ಎಂದು ನನಗೆ ಅವತ್ತೇ ತಿಳಿದದ್ದು. ಕೊನೆಯ ಬೆಂಚಿನಲ್ಲಿ ಆಂಟಿ ಬಾಯ್ತುಂಬ ನಗುತ್ತಿದ್ದರು, ಸೂಜಿಗಳಿಲ್ಲದೆ.

ಹೋದ ವರ್ಷ ಅವರು ತೀರಿಕೊಂಡರು. ಈ ಕ್ರಿಸ್‌ಮಸ್‌ಗೆ, ಅವರು ಹೊಲಿದ ಕೊನೆಯ ಬ್ಲೌಸ್ ತೆಗೆದು ತೊಟ್ಟರೆ ತೋಳೇ ಹತ್ತಲಿಲ್ಲ, ಅಷ್ಟು ದಪ್ಪಗಾಗಿದ್ದೆ. ಬೇಸರದಿಂದ ಹೊಲಿಗೆ ಬಿಚ್ಚಿದೆ. ಒಳಗೆ ಎರಡೂ ಪಕ್ಕ, ತೋಳಿನಲ್ಲೂ ಸಹ, ಎರಡೆರಡು ಇಂಚು ಬಟ್ಟೆ ಮಡಿಚಿಟ್ಟಿದ್ದರು, ಮೈ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು. ಯಾವ ಟೈಲರೂ ಅಷ್ಟೊಂದು ಬಿಡುವುದಿಲ್ಲ.

ಒಬ್ಬಳೇ ನಕ್ಕೆ. ಬೈಬಲ್ ತೆರೆದು, ಹನ್ನಳ ಪುಟದ ಕೆಂಪು ದಾರವನ್ನು ಎಳೆದೆ. ಎದುರಿಗೆ ಯಾರೂ ಇರಲಿಲ್ಲ. ಪಕ್ಕದ ಮನೆಯವರನ್ನು ಕೂಗಿ ಕರೆದು, ಕಾಫಿಗೆ ಇಟ್ಟೆ.