ಹೊಲಿಗೆಗೆ ಅಂಚು ಬಿಟ್ಟ ಕಿಟಕಿಗಳು

ಊರು ಮುಗಿದು, ಟಾರು ರಸ್ತೆಯೂ ಮುಗಿದು, ಜಲ್ಲಿಯ ಹಾದಿ ಶುರುವಾಗುವ ತಿರುವಿನಲ್ಲಿ ಒಂದು ಕಲ್ಲಿನ ಮನೆ ಇದೆ. ಮನೆ ಚಿಕ್ಕದು, ಕಿಟಕಿಗಳು ದೊಡ್ಡವು. ಹಿಂದಿನ ಗೋಡೆಯಲ್ಲಂತೂ ನೆಲಕ್ಕೆ ತಾಗಿದಂತೆ ಒಂದು ಕಿಟಕಿ ಇದೆ. ಅದರಿಂದ ಹೊರಗೆ ನೋಡಬೇಕಾದರೆ ಮನುಷ್ಯರಾದವರು ಮಂಡಿಯೂರಬೇಕು.

ಈ ಮನೆಯ ಯಜಮಾನಿ ದರ್ಜಿ. ಮದುವೆಯಾಗಿ ಪರದೇಶಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಪೇಟೆಯಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಪಕ್ಕ ಅವಳ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಮೈ ಬಂದವರ ಕೋಟು ಅಗಲಿಸುವುದು, ಮೈ ಇಳಿದವರದ್ದು ಒಳಗೆ ಹಿಡಿಯುವುದು. ನಮ್ಮ ಭಾಷೆಯವರೆಲ್ಲ ಅವಳನ್ನು ದರ್ಜಿ ಅಕ್ಕ ಎನ್ನುತ್ತಾರೆ. ಅಕ್ಕ ಎಂದು ಕರೆದರೆ ಕೂಲಿಯಲ್ಲಿ ಚೌಕಾಸಿ ಮಾಡಬಹುದು ಎಂಬುದೂ ಅದರಲ್ಲಿ ಸೇರಿದೆ.

ಅವಳಿಗೆ ಎರಡು ನಾಯಿ. ಒಂದನ್ನು ಯಾರೋ ಅಂಗಡಿಯ ಬಾಗಿಲ ಹಿಡಿಗೆ ಕಟ್ಟಿ ಹೋಗಿದ್ದರು. ಉದ್ದ ಮೂತಿ, ಸಣಕಲು ಮೈ, ಎಲ್ಲದರೊಳಗೂ ಮೂಗು ತೂರಿಸುವ ಬುದ್ಧಿ. ಅದು ಸೂಜಿ. ಇನ್ನೊಂದು, ಸೂಜಿಯ ಹಿಂದೆ ತಾನಾಗಿಯೇ ಬಂದು ಮಿಷನ್ನಿನ ಕೆಳಗೆ ಮಲಗಿದ್ದು, ದಾರದ ಉಂಡೆಯಂತೆ ಸುರುಳಿ ಸುತ್ತಿಕೊಂಡು. ಅದು ಉಂಡೆ. ಇಬ್ಬರಿಗೂ ವಯಸ್ಸಾಗಿದೆ. ಉಂಡೆಗೆ ಒಂದು ಕಿವಿ ಕೇಳಿಸದು, ಅಥವಾ ಕೇಳಿಸಿಕೊಳ್ಳುವ ಮನಸ್ಸಿಲ್ಲ.

ಇಲ್ಲಿಗೆ ಬರುವ ಮುಂಚೆ ಅವಳಿದ್ದ ಬಾಡಿಗೆ ಮನೆಯ ಮಾಲೀಕ ವರ್ಷಗಟ್ಟಲೆ ಈ ನಾಯಿಗಳ ತಲೆ ಸವರಿದವನೇ. ಒಂದು ಬೇಸಿಗೆಯಲ್ಲಿ ಬಾಗಿಲಲ್ಲಿ ನಿಂತು ಅಂದ:

"ನನಗೇನೂ ತಕರಾರಿಲ್ಲಮ್ಮ. ಆದ್ರೆ ಕಟ್ಟಡಕ್ಕೆ ಹೊಸದಾಗಿ ಬಣ್ಣ ಹೊಡಿಸ್ತಾ ಇದ್ದೀನಿ. ಇನ್ಮೇಲೆ ಬರೋ ಬಾಡಿಗೆಯವ್ರು ಬೇರೆ ಥರದ ಜನ. ಚಳಿ ಶುರುವಾಗೋದ್ರೊಳಗೆ ಇವನ್ನ ಎಲ್ಲಾದ್ರೂ ಬಿಟ್ಟುಬಿಡಿ. ನೀವು ಆರಾಮಾಗಿ ಇರಿ."

"ಎಲ್ಲಿ ಬಿಡ್ಲಿ?"

"ಅದಕ್ಕೇ ಅಂತ ಜಾಗ ಇದೆಯಲ್ಲ."

ಇದೆ. ಊರಾಚೆ, ಕಬ್ಬಿಣದ ಗೇಟಿನ ಹಿಂದೆ. ಮರಿಗಳಾದರೆ ಯಾರಾದರೂ ಕರೆದುಕೊಂಡು ಹೋಗುತ್ತಾರೆ. ಮುದಿ ನಾಯಿಗಳನ್ನು ಸ್ವಲ್ಪ ದಿನ ಇಟ್ಟುಕೊಂಡು, ಆಮೇಲೆ ಸೂಜಿ ಚುಚ್ಚಿ ಮತ್ತೆ ಏಳದಂತೆ ಮಲಗಿಸುತ್ತಾರೆ. ಬಣ್ಣ ಹೊಡೆಸುವವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ "ಜಾಗ" ಎಂದ. ಕೆಟ್ಟ ಕೆಲಸಕ್ಕೆ ಮೆತ್ತನೆಯ ಮಾತು ಹುಡುಕುವುದರಲ್ಲಿ ಮನೆ ಮಾಲೀಕರನ್ನು ಮೀರಿಸಿದವರಿಲ್ಲ.

ನಮ್ಮವರೂ ಕಡಿಮೆಯಲ್ಲ. ಭಾನುವಾರದ ಕೂಟದಲ್ಲಿ ಅಕ್ಕ ವಿಷಯ ಎತ್ತಿದಾಗ ಎಲ್ಲರೂ ಚ್ ಚ್ ಎಂದರು. ಯಾರೂ ಬಾರದ ಅತಿಥಿ ಕೋಣೆಗೆ ಬೀಗ ಹಾಕಿಕೊಂಡು ಕೂತವರು, ಹಿತ್ತಿಲಲ್ಲಿ ಹುಲ್ಲು ಬೆಳೆಸಿ ಅದರ ಮೇಲೆ ಕಾಲಿಡದವರು. ಒಬ್ಬರ ಬಾಯಲ್ಲೂ "ನಮ್ಮಲ್ಲಿರಲಿ ಬಿಡು" ಎಂಬ ಮಾತು ಬರಲಿಲ್ಲ. ಒಬ್ಬಾಕೆಯಂತೂ ಅಕ್ಕನಿಂದಲೇ ಹೊಲಿಸಿಕೊಂಡ ರವಿಕೆ ತೊಟ್ಟು, "ನಾಯಿ ತಾನೇ, ಮನಸ್ಸಿಗೆ ಹಚ್ಕೋಬೇಡಿ" ಎಂದು ಸಮಾಧಾನ ಹೇಳಿದಳು.

ಅಕ್ಕ ಮನಸ್ಸಿಗೆ ಹಚ್ಚಿಕೊಂಡಳು. ಕೂಡಿಟ್ಟದ್ದನ್ನೆಲ್ಲ ಸುರಿದು ಈ ಪಾಳು ಮನೆ ಕೊಂಡಳು.

ಅವಳ ತಮ್ಮನೂ ಇಲ್ಲೇ ಇದ್ದಾನೆ. ವ್ಯಾನು ಓಡಿಸುತ್ತಾನೆ, ಅವರಿವರ ಮನೆಯ ಸಾಮಾನು ಸಾಗಿಸುತ್ತಾನೆ. ಮನೆ ನೋಡಲು ಬಂದವನು ಒಳಗೆ ಕಾಲಿಟ್ಟು ತಕ್ಷಣ ಹೊರಗೆ ಬಂದ.

"ಅಕ್ಕ, ಇಲ್ಲಿ ದನ ಕಟ್ಟಿದ್ರು."

"ಕಟ್ಟಿದ್ರೆ ಏನೀಗ? ದನಕ್ಕೆ ಆಗಿದ್ದು ನನಗೆ ಆಗಲ್ವಾ?"

"ನಾಯಿಗೋಸ್ಕರ ಮನೆ ತಗೊಂಡೋರನ್ನ ನಾನು ಇವತ್ತಿನವರೆಗೂ ನೋಡಿಲ್ಲ ಕಣಕ್ಕ."

"ನೋಡಿದ್ಯಲ್ಲ ಈಗ. ಆ ಗುದ್ದಲಿ ತಾ."

ಬರೀ ಕೊಂಡರೆ ಆಗಲಿಲ್ಲ. ಪಾಳು ಬಿದ್ದ ಮನೆಯಲ್ಲಿ ವಾಸ ಮಾಡಲು ಊರಿನ ಕಚೇರಿಯ ಒಪ್ಪಿಗೆ ಬೇಕು. ಅಲ್ಲಿಂದ ತಪಾಸಣೆಯವನು ಬಂದ. ಹೊಳೆಯುವ ಬೂಟು, ಕೈಯಲ್ಲಿ ಟಾರ್ಚು. ಗೋಡೆ ಮುಟ್ಟಿ, ಬೆರಳು ಒರೆಸಿಕೊಂಡು, ತಮ್ಮನ ಕಡೆ ತಿರುಗಿ ಅಂದ:

"ಕಿಟಕಿ ಇಲ್ಲ. ಅದಾದ್ರೂ ಹಾಕಿಸಬಹುದು. ಆದ್ರೆ ಗೋಡೆಯೆಲ್ಲ ಹಸಿ. ಚಳಿಗೆ ಮುಂಚೆ ಇನ್ನೊಂದ್ಸಲ ಬರ್ತೀನಿ. ಆಗ್ಲೂ ಹೀಗೇ ಇದ್ರೆ ವಾಸಕ್ಕೆ ಒಪ್ಪಿಗೆ ಇಲ್ಲ."

ಮನೆ ಅಕ್ಕನದು, ಬೆವರು ಅಕ್ಕನದು, ಅವನ ಮಾತು ಮಾತ್ರ ತಮ್ಮನ ಮೀಸೆಗೆ. ತಮ್ಮ ಸುಮ್ಮನೆ ತಲೆಯಾಡಿಸಿದ. ಅವನಿಗೂ ಆ ಹೊತ್ತಿಗೆ ಅದು ಹಿತವಾಗಿತ್ತು ಎಂದು ಕಾಣುತ್ತದೆ.

ಅಲ್ಲಿಂದ ಮುಂದೆ ಅವಳ ದಿನಗಳು ಒಂದೇ ಅಚ್ಚಿನವು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನಕ್ಕೆ ಬಾಗಿಲೆಳೆದು ಬಸ್ಸು, ಅದಿಳಿದು ನಡಿಗೆ, ಎರಡೂ ನಾಯಿ ಮುಂದೆ ಮುಂದೆ. ನೆಲಕ್ಕೆ ಅಂಟಿ ಗಟ್ಟಿಯಾದ ಹಳೆಯ ಸಗಣಿಯನ್ನು ಹಾರೆಯಿಂದ ಎಬ್ಬಿಸಿದಳು. ಒಡೆದ ಹೆಂಚು ಇಳಿಸಿ, ಸರಿಯಿದ್ದದ್ದನ್ನು ಉಜ್ಜಿ ತೊಳೆದು ಮತ್ತೆ ಏರಿಸಿದಳು. ತಮ್ಮ ಏಣಿ ಹಿಡಿದು ಕೆಳಗೆ ನಿಂತು ಬೈಯುತ್ತಿದ್ದ. ಸುಣ್ಣದ ಗಾರೆ ಕಲಸಲು ಕಲಿತಳು. ಉಂಡೆ ಗಾರೆಯ ಬಾಣಲೆಯನ್ನೇ ಹಾಸಿಗೆ ಮಾಡಿಕೊಂಡಿತು. ಸೂಜಿ ಕರಣೆ ಕಚ್ಚಿಕೊಂಡು ಹೊಲದಲ್ಲಿ ಓಡುತ್ತಿತ್ತು, ಅದನ್ನು ಕರೆದು ಕರೆದು ಅಕ್ಕನ ಗಂಟಲು ಕಟ್ಟುತ್ತಿತ್ತು. ಅಡುಗೆ ಕೋಣೆಯ ಹಸಿ ನೆಲದ ಮೇಲೆ ಎರಡೂ ನಾಯಿ ನಡೆದಾಡಿದ ಹೆಜ್ಜೆಗಳು ಇವತ್ತಿಗೂ ಇವೆ. ತಿದ್ದಲು ಹೋದಳಂತೆ, ಆಮೇಲೆ ಕೈ ಬರಲಿಲ್ಲವಂತೆ.

ಎಲ್ಲ ಆಯಿತು, ಗೋಡೆ ಮಾತ್ರ ಒಣಗಲಿಲ್ಲ. ಕಿಟಕಿಗೆಂದು ಬಿಟ್ಟ ಕಂಡಿಗಳ ಸುತ್ತ ಕಪ್ಪು ಕಲೆ. ಕೆರೆದು ಸುಣ್ಣ ಬಳಿದರೆ, ಮುಂದಿನ ಮಳೆಗೆ ಮತ್ತೆ ಅದೇ ಆಕಾರದಲ್ಲಿ ಹಾಜರು. ಒಲೆ ಉರಿಸಿದಳು. ಮನೆಯೆಲ್ಲ ಬೆವರಿತೇ ಹೊರತು ಕಲೆ ಕದಲಲಿಲ್ಲ.

ಪಕ್ಕದ ಹೊಲದ ಮುದುಕ ಬೇಲಿಗೆ ಒರಗಿ ಇದೆಲ್ಲ ನೋಡುತ್ತಿದ್ದ. ಯಾರು ಏನು ಮಾಡಿದರೂ "ಹಾಗಲ್ಲ" ಎಂದೇ ಬಾಯಿ ತೆರೆಯುವವನು. ಅಕ್ಕ ಅವನಿಗೆ ಹಾಗಲ್ಲ ತಾತ ಎಂದು ಹೆಸರಿಟ್ಟಿದ್ದಳು.

"ಹಾಗಲ್ಲಮ್ಮ. ಈ ಗೋಡೆ ಒಣಗಲ್ಲ. ನಾನು ಹುಟ್ಟಿದಾಗಿನಿಂದ ಹೀಗೇ ಇದೆ."

"ನೀವು ಹುಟ್ಟೋಕೆ ಮುಂಚೆ ಹೇಗಿತ್ತು ತಾತ?"

"ಅದು ನನಗೇನು ಗೊತ್ತು?"

ಗೋಡೆಯ ಚಿಂತೆಯ ನಡುವೆಯೇ ಅಕ್ಕ ಕಿಟಕಿ ಮಾಡಿಸಲು ಹೊರಟಳು. ಕಿಟಕಿ ಮಾಡುವವನು ಅಳತೆ ಕೇಳಿದ. ಅವಳಿಗೆ ಬಾಯಿ ಲೆಕ್ಕದ ಮೇಲೆ ನಂಬಿಕೆಯಿಲ್ಲ. ಕಂಡಿಗಳೆಲ್ಲ ಸೊಟ್ಟ, ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಅವಳಿಗೆ ಗೊತ್ತಿದ್ದ ದಾರಿ ಹಿಡಿದಳು. ಪ್ರತಿಯೊಂದು ಕಂಡಿಗೂ ಹಳೆಯ ಲೈನಿಂಗ್ ಬಟ್ಟೆ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಮಡಚಿ ಒಯ್ದು ಅವನ ಮೇಜಿನ ಮೇಲೆ ಹರಡಿದಳು.

"ಸರಿಯಾಗಿ ಇದೇ ಅಳತೆನಾ? ದಪ್ಪ ಗಾಜು. ಆಮೇಲೆ ಕತ್ತರಿಸೋಕೆ ಆಗಲ್ಲ," ಎಂದ ಅವನು.

"ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದ್ದೀನಪ್ಪ. ಬಟ್ಟೆ ಹೇಗಿದೆಯೋ ಹಾಗೇ ಮಾಡು."

ಅವನು ಬಟ್ಟೆ ಇದ್ದ ಹಾಗೇ ಮಾಡಿದ. ಕಿಟಕಿಗಳು ಬಂದವು. ತಮ್ಮ ಒಂದನ್ನು ಎತ್ತಿ ಕಂಡಿಗೆ ಹಿಡಿದ. ಒಳಗೆ ಹೋಗಲಿಲ್ಲ. ತಿರುಗಿಸಿ ಹಿಡಿದ. ಹೋಗಲಿಲ್ಲ. ಇನ್ನೊಂದು ತಂದ, ಅದೂ ಅಷ್ಟೇ. ಸುತ್ತಲೂ ಮೂರು ಬೆರಳು ಹೆಚ್ಚು, ಎಲ್ಲದರಲ್ಲೂ ಅಷ್ಟೇ ಹೆಚ್ಚು, ಅಚ್ಚುಕಟ್ಟಾಗಿ.

ಅಕ್ಕನಿಗೆ ಗೊತ್ತಾಯಿತು. ಗೆರೆಯ ಮೇಲೆ ಕತ್ತರಿಸುವುದು ಅವಳ ಕೈಗೆ ಗೊತ್ತೇ ಇಲ್ಲ. ಗೆರೆಯ ಆಚೆಗೆ, ಹೊಲಿಗೆಗೆ ಅಂಚು ಬಿಟ್ಟು ಕತ್ತರಿಸುವುದೇ ಗೊತ್ತು. ಕೋಟಿಗೆ ಬಿಟ್ಟಷ್ಟು ಅಂಚನ್ನು ಕಿಟಕಿಗೂ ಬಿಟ್ಟಿದ್ದಳು.

ತಮ್ಮ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕ, ಗಾಜನ್ನ ಒಳಗೆ ಮಡಚಿ ಒಂದು ಹೊಲಿಗೆ ಹಾಕ್ಬಿಡು." ಆಮೇಲೆ ಅವಳ ಮುಖ ನೋಡಿ ನಗು ನುಂಗಿಕೊಂಡ. ಹೊಸದು ಮಾಡಿಸಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಹೊಲದ ಮೇಲಿನ ಗಾಳಿ ಆಗಲೇ ತಣ್ಣಗಾಗಿತ್ತು. ಕಬ್ಬಿಣದ ಗೇಟು ಇಬ್ಬರ ಕಣ್ಣಿಗೂ ಕಟ್ಟುತ್ತಿತ್ತು.

ಸುದ್ದಿ ಭಾನುವಾರದ ಕೂಟಕ್ಕೆ ಮುಟ್ಟಿತು. ದರ್ಜಿಯಮ್ಮ ಗೋಡೆಗೆ ಲಂಗ ಹೊಲಿಸಿದಳಂತೆ ಎಂದು ನಗೆಯೋ ನಗೆ. ಇದೇ ಜನ, ತಾವು ಕಟ್ಟಿಸಿದ ಮನೆಯ ಮೆಟ್ಟಿಲಿಗೆ ಕಾಲಿಡಲು ಜಾಗವಿಲ್ಲದಿದ್ದರೆ ಅದನ್ನು ವಿನ್ಯಾಸ ಎನ್ನುತ್ತಾರೆ. ಊರಿಗೆಲ್ಲ ಪ್ಯಾಂಟು ಹೊಲಿದುಕೊಡುವ ಹೆಂಗಸು ಸುತ್ತಿಗೆ ಹಿಡಿದು ಒಂದು ತಪ್ಪು ಮಾಡಿದರೆ ಸಾಕು, ಇವರಿಗೆ ವಾರಕ್ಕಾಗುವಷ್ಟು ಊಟ.

ಅಕ್ಕ ಆ ಸಂಜೆ ಕಿಟಕಿಯೊಂದರ ಎದುರು ಕೂತು ಕಂಡಿಯನ್ನೇ ನೋಡಿದಳು. ಆಮೇಲೆ ಎದ್ದು ಉಳಿ, ಸುತ್ತಿಗೆ ತಂದಳು.

"ಏನ್ ಮಾಡ್ತೀಯಾ?" ಎಂದ ತಮ್ಮ.

"ಗಾಜು ಗಿಡ್ಡ ಮಾಡೋಕೆ ಆಗಲ್ಲ. ಗೋಡೆ ಅಗಲ ಮಾಡ್ತೀನಿ."

ಬೇಲಿಯ ಕಡೆಯಿಂದ ಧ್ವನಿ ಬಂತು. "ಹಾಗಲ್ಲಮ್ಮ. ಗೋಡೆ ಮೈಮೇಲೆ ಬೀಳುತ್ತೆ."

"ಬಿದ್ರೆ ಬಂದು ಎತ್ತಿ ತಾತ."

ಅವಳು ಹೊಡೆಯಲಿಲ್ಲ, ಬಿಚ್ಚಿದಳು. ಹಳೆಯ ಕೋಟಿನ ಹೊಲಿಗೆ ಬಿಚ್ಚುವಾಗ ಒಂದು ಎಳೆ ಸಿಕ್ಕುವವರೆಗೆ ತಾಳ್ಮೆ ಬೇಕು. ಹಾಗೇ ಕಂಡಿಯ ಅಂಚಿನ ಸಿಮೆಂಟನ್ನು ಚೂರು ಚೂರಾಗಿ ಎಬ್ಬಿಸಿದಳು. ಸಿಮೆಂಟಿನ ಹಿಂದೆ ಕಲ್ಲು ಬರಬೇಕಿತ್ತು. ಬಂದದ್ದು ಇಟ್ಟಿಗೆ. ಕೈಯಲ್ಲಿ ಹಿಡಿದರೆ ನೀರು ಜಿನುಗುವ, ಬೆರಳಿಗೇ ಪುಡಿಯಾಗುವ ಇಟ್ಟಿಗೆ. ಒಂದನ್ನು ಎಳೆದಳು, ಹಲ್ಲು ಕಿತ್ತಂತೆ ಬಂತು. ಅದರ ಹಿಂದೆ, ಉಳಿಯಲ್ಲಿ ನೇರವಾಗಿ ಕೆತ್ತಿದ ಒಣ ಕಲ್ಲಿನ ಅಂಚು.

"ಲೋ, ಬಾ ಇಲ್ಲಿ," ಎಂದಳು. "ಈ ಕಿಟಕೀನ ಯಾರೋ ಒಳಗೆ ಹಿಡಿದಿದ್ದಾರೆ ಕಣೋ."

ಅದೇ ಆಗಿತ್ತು. ಮೊದಲು ಕಟ್ಟಿದವರು ದೊಡ್ಡ ಕಿಟಕಿಗಳನ್ನೇ ಬಿಟ್ಟಿದ್ದರು. ಆಮೇಲೆ ಯಾರೋ, ಚಳಿಗೆ ಹೆದರಿಯೋ ಗಾಜಿನ ಖರ್ಚಿಗೆ ಹೆದರಿಯೋ, ಸುತ್ತಲೂ ಸಡಿಲ ಇಟ್ಟಿಗೆ ತುಂಬಿ ಸಿಮೆಂಟು ಬಳಿದು ಚಿಕ್ಕದು ಮಾಡಿದ್ದರು. ಬಿದ್ದ ಮಳೆಯನ್ನೆಲ್ಲ ಆ ಇಟ್ಟಿಗೆ ಹೀರಿ ಗೋಡೆಗೆ ಕುಡಿಸುತ್ತಿತ್ತು. ಹಾಗಲ್ಲ ತಾತ ಬೇಲಿ ದಾಟಿ ಬಂದು, ಇಟ್ಟಿಗೆ ಹಿಸುಕಿ ನೋಡಿ ಅಂದ:

"ಹಾಗಲ್ಲಮ್ಮ. ನಮ್ಮಪ್ಪ ಹೇಳ್ತಿದ್ದ ಈ ಮನೆಗೆ ದೊಡ್ಡ ಕಿಟಕಿ ಇತ್ತು ಅಂತ. ಕುಡಿದು ಹೇಳ್ತಿದ್ದ, ಅದಕ್ಕೆ ನಾವು ನಂಬಿರ್ಲಿಲ್ಲ."

ಮರುದಿನದಿಂದ ಮೂವರೂ ಸೇರಿ ಇಟ್ಟಿಗೆ ಕಿತ್ತರು. ಸೂಜಿ ಒಂದೊಂದೇ ತುಂಡು ಕಚ್ಚಿ ಹೊಲದಲ್ಲಿ ಹೂತಿಟ್ಟು ಬಂತು. ಕಂಡಿಗಳು ಕಿಟಕಿಗಿಂತಲೂ ಅಗಲವಾದವು. ಉಳಿದ ಸಂದಿಗೆ ಅಕ್ಕ ಮರದ ಪಟ್ಟಿ ಕೊಟ್ಟು ಸುಣ್ಣದ ಗಾರೆ ತುಂಬಿದಳು. ಒಣಗಾಳಿ ಬೀಸಿತು. ಹಗಲೆಲ್ಲ ಒಲೆ ಉರಿಯಿತು. ಕಪ್ಪು ಕಲೆ ಮೊದಲು ಕಂದಾಯಿತು, ಆಮೇಲೆ ಬೂದು ಬಣ್ಣವಾಯಿತು, ಆಮೇಲೆ ಹುಡುಕಿದರೂ ಸಿಗಲಿಲ್ಲ. ಅಳತೆ ಸರಿಯಾಗಿ ಕೊಟ್ಟಿದ್ದರೆ ಆ ಕೊಳೆತ ಇಟ್ಟಿಗೆಗೇ ಹೊಸ ಕಿಟಕಿ ಕೂರಿಸಿ, ಹಸಿ ಗೋಡೆಯನ್ನು ಹಾಗೇ ಉಳಿಸಿಕೊಳ್ಳುತ್ತಿದ್ದಳು. ನಕ್ಕವರಿಗೆ ಇದನ್ನು ಯಾರಾದರೂ ಹೇಳಬೇಕು.

ಅಡುಗೆ ಕೋಣೆಯ ಕಂಡಿ ಮಾತ್ರ ಬಗ್ಗಲಿಲ್ಲ. ಅಲ್ಲಿ ಇಟ್ಟಿಗೆ ಇರಲಿಲ್ಲ, ಬರೀ ಕಲ್ಲು. ಆ ಒಂದು ಕಿಟಕಿ ಗೋಡೆಗೆ ಒರಗಿ ನಿಂತಿತು. ಕಂಡಿಗೆ ತಮ್ಮ ಯಾರೋ ಬಿಸಾಡಿದ ಹಳೆಯ ತೆಳು ಗಾಜಿನ ಬಾಗಿಲನ್ನು ಕತ್ತರಿಸಿ ಕೂರಿಸಿದ, ಗೆರೆಯ ಮೇಲೇ ಕತ್ತರಿಸಿದೆ ಎಂದು ಹತ್ತು ಸಲ ಹೇಳಿಕೊಂಡ.

ತಪಾಸಣೆಯವನು ಎರಡನೆಯ ಸಲ ಬಂದಾಗ ಅದೇ ಬೂಟು, ಅದೇ ಟಾರ್ಚು. ಗೋಡೆ ಮುಟ್ಟಿದ. ಬೆರಳು ನೋಡಿಕೊಂಡ. ಇನ್ನೊಂದು ಕಡೆ ಮುಟ್ಟಿದ. ಟಾರ್ಚು ಹಚ್ಚಿ, ಕೋಣೆಯಲ್ಲಿ ಇಷ್ಟು ಬೆಳಕಿದೆ ಎಂದು ಅರಿವಾಗಿ ಆರಿಸಿದ. ಮತ್ತೆ ತಮ್ಮನ ಕಡೆ ತಿರುಗಿ, "ಗೋಡೆಗೆ ಏನು ಮಾಡಿಸಿದ್ರಿ?" ಎಂದ.

ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನನಗೆ ಗೊತ್ತಿಲ್ಲ ಸಾರ್. ನಾನು ಏಣಿ ಹಿಡಿಯೋನು. ಯಜಮಾನಿ ಅಲ್ಲಿದ್ದಾರೆ, ಅವ್ರನ್ನ ಕೇಳಿ."

ಆ ಮನುಷ್ಯ ಮೊದಲ ಬಾರಿಗೆ ಅಕ್ಕನನ್ನು ನೋಡಿದ. ಅವಳು ಹೇಳಿದಳು, ಅಂಚು ಬಿಟ್ಟದ್ದನ್ನೂ ಮುಚ್ಚಿಡದೆ. ಅವನು ಕೇಳಿದ, ನಡುವೆ ಒಮ್ಮೆ ನಕ್ಕ, ಆದರೆ ಕೂಟದವರ ನಗುವಲ್ಲ. ಹೊರಡುವ ಮುಂಚೆ, "ನಾಯಿಗಳು ಎಲ್ಲಿರ್ತವೆ?" ಎಂದ.

"ಮನೇಲಿ," ಎಂದಳು ಅಕ್ಕ. "ಮನೆ ಇರೋದೇ ಅವಕ್ಕೆ. ನಾನು ಜೊತೆಗೆ ಇರ್ತೀನಿ."

ಒಪ್ಪಿಗೆ ಸಿಕ್ಕಿತು.

ಬಾಡಿಗೆ ಮನೆಯ ಬೀಗದ ಕೈ ಕೊಡಲು ಹೋದಾಗ ಮಾಲೀಕ ಬಣ್ಣದ ಡಬ್ಬಗಳ ನಡುವೆ ನಿಂತಿದ್ದ. "ಅಯ್ಯೋ, ನೀವ್ಯಾಕಮ್ಮ ಹೋಗೋದು? ನಾಯಿಗಳನ್ನ ಬಿಟ್ಟಾಯ್ತಲ್ಲ?"

"ಇಲ್ಲ. ನಿಮ್ಮನ್ನ ಬಿಟ್ಟೆ," ಎಂದು ಕೀಲಿ ಅವನ ಅಂಗೈಗೆ ಹಾಕಿದಳು. ಕೆಳಗೆ ವ್ಯಾನಿನಲ್ಲಿ ಉಂಡೆ ಗೊರಕೆ ಹೊಡೆಯುತ್ತಿತ್ತು.

ಉಳಿದ ಒಂದು ಕಿಟಕಿಯ ಕಥೆ ಇಷ್ಟೇ. ಹಿಂದಿನ ಗೋಡೆಯಲ್ಲಿ, ದನಗಳಿದ್ದ ಕಾಲದಲ್ಲಿ ಸಗಣಿ ತಳ್ಳಲು ಬಿಟ್ಟಿದ್ದ ಒಂದು ಕಂಡಿ ನೆಲದ ಮಟ್ಟದಲ್ಲಿತ್ತು. ಅಕ್ಕ ಅದನ್ನು ಅಗಲ ಮಾಡಿ ಆ ಗಾಜು ಕೂರಿಸಿದಳು. ಈ ಸಲ ಬಟ್ಟೆ ಕತ್ತರಿಸಲಿಲ್ಲ, ಕಿಟಕಿಯನ್ನೇ ಹಿಡಿದು ಗೆರೆ ಎಳೆದಳು. ಮೊದಲ ಮಂಜು ಬಿದ್ದ ಬೆಳಿಗ್ಗೆ ಎರಡೂ ನಾಯಿ ಅಲ್ಲಿ ಪಕ್ಕಪಕ್ಕ ಮಲಗಿ, ಗಾಜಿಗೆ ಮೂತಿ ಒತ್ತಿ, ಹೊಲದ ಬಿಳಿಯನ್ನು ನೋಡುತ್ತಿದ್ದವು. ಬೇಲಿಯ ಬಳಿ ತಾತ ಕಾಣಿಸಿಕೊಂಡ. ಸೂಜಿ ಬೊಗಳಿತು. ಒಂದು ಕಿವಿ ಕೇಳದ ಉಂಡೆ, ಸ್ವಲ್ಪ ತಡವಾಗಿ, ಬೇರೆ ದಿಕ್ಕಿಗೆ ಬೊಗಳಿತು.

"ಹಾಗಲ್ಲ ಕಣೋ, ಈ ಕಡೆ," ಎಂದಳು ಅಕ್ಕ, ಒಲೆಗೆ ಕಟ್ಟಿಗೆ ಇಡುತ್ತಾ.