ಬೀಗ ಹಾಕಿಟ್ಟ ಬ್ಯಾಟು

ಬ್ಯಾಡಗಿಯಲ್ಲಿ ಕ್ರಿಕೆಟ್ ಕಲಿತವನಿಗೆ ಅಷ್ಟು ಸುಲಭಕ್ಕೆ ಸೀನು ಬರುವುದಿಲ್ಲ. ಕ್ಲಬ್ಬಿನ ತೆಂಗಿನ ನಾರಿನ ಮ್ಯಾಟಿನ ಮೇಲೆ ಸುಗ್ಗಿಯಲ್ಲಿ ಯಾರಾದರೂ ಮೆಣಸಿನಕಾಯಿ ಒಣಹಾಕುವವರೇ. ಆಮೇಲೆ ಎಷ್ಟು ಝಾಡಿಸಿದರೂ ಚೆಂಡು ಬಿದ್ದಲ್ಲೆಲ್ಲ ಕೆಂಪು ಘಾಟು. ಹೊರಗಿನ ತಂಡದವರು ಕಣ್ಣೊರೆಸಿಕೊಳ್ಳುತ್ತ ಔಟಾಗುವಾಗ ಊರಿನ ಹುಡುಗ ಮುಸ್ತಾಕ್ ಅದೇ ಮ್ಯಾಟಿನ ಮೇಲೆ ರನ್ ಹೊಡೆದ, ವಿಕೆಟ್ ಕಿತ್ತ. ರಾಣೆಬೆನ್ನೂರಿನ ಕ್ಲಬ್ಬಿಗೆ ಹೋದ ಮೇಲೂ ಅವನ ಆಟ ಹಾಗೆಯೇ ನಡೆಯಿತು.

ಆದರೆ ಮೇಲಿನ ತಂಡ ಆರಿಸುವಾಗ ಒಂದು ವರ್ಷ, "ಬ್ಯಾಟ್ಸಮನ್ ಅದಾರ, ಖರೇ ಬೌಲರ್ ಬೇಕು" ಎಂದರು. ಮರುವರ್ಷ ಬೌಲರ್‌ಗಳು ಸಾಕು, ಖರೇ ಬ್ಯಾಟ್ಸಮನ್ ಬೇಕು ಎಂದರು. ಎರಡು ದೋಣಿಯಲ್ಲಿ ಕಾಲಿಟ್ಟವ ಎಂದು ಊರವರು ನಕ್ಕರು. ನಗುವವರಿಗೇನು, ಸವೆದದ್ದು ಅವನ ಪ್ರಾಯ. ಭುಜ ಹೋಯಿತು, ಮೊಣಕಾಲು ಹೋಯಿತು. ಬ್ಯಾಡಗಿಯ ಕ್ಲಬ್ಬು ಮುಚ್ಚಿದಾಗ ಯಾರಿಗೂ ಬೇಡವಾದ ಆ ಮ್ಯಾಟನ್ನು ಹೊತ್ತು ತಂದು ಹಾವೇರಿಯಲ್ಲಿ ಕೋಚ್ ಆದ. ದಿನಾ ಬೆಳಿಗ್ಗೆ ನೀರು ಚಿಮುಕಿಸಿ, ಎಳೆದು, ಮೊಳೆ ಹೊಡೆಯುವಷ್ಟರಲ್ಲೇ ಸಾಕಾಗಿ ಹೋಗುತ್ತಿತ್ತು.

ಅಲ್ಲಿಗೆ ಅಗಡಿಯಿಂದ ಮೇಘಾ ಬಂದಳು. ಬ್ಯಾಟೂ ಸೈ, ಬಾಲೂ ಸೈ. ನೋಡಿ ಅವನಿಗೆ ಖುಷಿಗಿಂತ ಹೆಚ್ಚು ಭಯವಾಯಿತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಇವನು ಅವಳ ಪಾಲಿನ ಮಜ್ಜಿಗೆಯನ್ನೂ ಊದತೊಡಗಿದ. "ಒಂದ ಹಿಡಿ ಯವ್ವಾ. ಬರೇ ಬೌಲಿಂಗ್ ಸಾಕು" ಎಂದು ಅವಳ ಬ್ಯಾಟನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ.

ಹತ್ತೊಂಬತ್ತರೊಳಗಿನ ತಂಡಕ್ಕೆ ಸೇರಲು ಅವಳಿಗದು ಕಡೆಯ ವರ್ಷ. ರಾಣೆಬೆನ್ನೂರಿನಲ್ಲಿ ನಡೆದ ಆಯ್ಕೆಯಲ್ಲಿ ಚೆನ್ನಾಗಿಯೇ ಬೌಲ್ ಮಾಡಿದಳು. ಆರಿಸಲು ಬಂದವರು ಮುಸ್ತಾಕನನ್ನು ಪಕ್ಕಕ್ಕೆ ಕರೆದರು.

"ಹುಡುಗಿ ಚಲೋ ಅದಾಳ್ರಿ. ಆದ್ರ ಈಗೆಲ್ಲಾ ಇಪ್ಪತ್ತ ಓವರಿನ ಆಟ. ಎರಡೂ ಬರೋರು ಬೇಕಾಗ್ಯಾರ."

"ಬರತೈತ್ರಿ ಸರ್! ಇಕಿಗೆ ಮೊದಲ ಬಂದದ್ದ ಬ್ಯಾಟಿಂಗ್ ರೀ!"

"ಮತ್ತ ಬರೇ ಬೌಲರ್ ಅಂತ ಯಾಕ ಕರ್ಕೊಂಡ ಬಂದ್ರಿ? ಬ್ಯಾಟಿಂಗ್ ನೋಡೋದು ಮುಗದೈತ್ರಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವನನ್ನು ಕೈಬಿಟ್ಟ ಕಾಲ ಯಾವಾಗಲೋ ಬದಲಾಗಿತ್ತು, ಅವನಿಗೇ ಗೊತ್ತಾಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮುಸ್ತಾಕ್ ಹೇಳಿದ: "ತಪ್ಪು ನಂದವ್ವಾ. ನನ್ನ ಹಣೇಬರಾ ನಿನ್ನ ಹಣಿ ಮ್ಯಾಲ ಬರಿಯಾಕ ಹೋದೆ." ಮೇಘಾ ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಮರುದಿನ ಅವನು ಮೈದಾನಕ್ಕೆ ಹೋದದ್ದು ಮ್ಯಾಟು ಸುತ್ತಿಟ್ಟು ಕೋಣೆಯ ಕೀಲಿ ಕೊಟ್ಟು ಕೋಚ್ ಕೆಲಸ ಬಿಟ್ಟು ಬಂದುಬಿಡೋಣವೆಂದು. ದಣಿವು ಎಲುಬಿನೊಳಗೇ ಇಳಿದಿತ್ತು. ಆದರೆ ಮೇಘಾ ಆಗಲೇ ಬಂದು ಮ್ಯಾಟು ಎಳೆದು ಮೊಳೆ ಹೊಡೆಯುತ್ತಿದ್ದಳು.

"ನನ್ನ ಬ್ಯಾಟ್ ಕೊಡ್ರಿ ಸರ್. ದೊಡ್ಡೋರ ಟೀಮಿಗೆ ವಯಸ್ಸಿನ ಲೆಕ್ಕ ಇಲ್ಲಂತಲ್ರಿ."

"ಬಾಲ್ ಹಾಕೋರು ಯಾರು?"

"ನೀವ ರೀ."

ಭುಜ ಬೇಡವೆಂದಿತು. ಆದರೂ ಬ್ಯಾಟು ಕೊಟ್ಟು ಚೆಂಡು ಕೈಗೆತ್ತಿಕೊಂಡ. ಕುಂಟುತ್ತ ನಾಲ್ಕು ಹೆಜ್ಜೆ ಓಡಿ ಹಾಕಿದ. ಚೆಂಡು ಬಿದ್ದಲ್ಲಿ ಮ್ಯಾಟಿನಿಂದ ಹಳೆಯ ಘಾಟು ಎದ್ದಿತು. ಮೇಘಾ ಮುಂದಕ್ಕೆ ಬಂದು ಹೊಡೆದದ್ದು ಅವನ ಪಕ್ಕದಿಂದಲೇ ನೆಲಕ್ಕಂಟಿಕೊಂಡು ಗಡಿ ದಾಟಿತು.

ಇಂಥ ಹೊಡೆತಕ್ಕೆ ನಾನು ಬೀಗ ಹಾಕಿದ್ದೆನಲ್ಲ! ಬ್ಯಾಡಗಿಯ ಮುಸ್ತಾಕ್ ಕಣ್ಣೊರೆಸಿಕೊಂಡು, ಚೆಂಡು ತರಲು ಕುಂಟುತ್ತ ಹೊರಟ.